ಸಂಜೆಯ ದೋಣಿ ಸಿಗದವರು



ರಜೆ ಎಂದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಮುಂಬೈ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆ ನಿಂತಿರುವ ನಮ್ಮಂಥವರಿಗೆ ರಜೆ ಎಂದರೆ ಮೊದಲು ಊರು. ರೈಲಿನ ಟಿಕೆಟ್ಟು, ವೇಟಿಂಗ್ ಲಿಸ್ಟು, ಅಮ್ಮನಿಗೊಂದು ಸೀರೆ, ಅಕ್ಕನ ಮಕ್ಕಳಿಗೆ ಒಂದು ಡಬ್ಬಿ ಮಿಠಾಯಿ. ಊರಿಗೆ ಹೋಗದಿದ್ದರೆ ಆ ವರ್ಷ ರಜೆಯೇ ಸಿಗಲಿಲ್ಲ ಎಂದು ಲೆಕ್ಕ ಹಾಕುವವರು ನಮ್ಮಲ್ಲಿ ಎಷ್ಟೋ ಮಂದಿ.

ಫ್ರಾನ್ಸಿನವರ ರಜೆ ಬೇರೆ ಬಗೆಯದು. ಜುಲೈ-ಆಗಸ್ಟ್ ಬಂತೆಂದರೆ ಕಾರಿನ ಡಿಕ್ಕಿಯಲ್ಲಿ ಟೆಂಟು, ಗ್ಯಾಸಿನ ಪುಟ್ಟ ಒಲೆ, ಮಡಚುವ ಕುರ್ಚಿಗಳನ್ನು ತುಂಬಿಕೊಂಡು ಸಮುದ್ರದ ದಂಡೆಗೆ ಹೊರಟುಬಿಡುತ್ತಾರೆ. ಅಲ್ಲಿ ಒಂದೆರಡು ವಾರ ಡೇರೆಯಲ್ಲೇ ವಾಸ. ಸಮುದ್ರಸ್ನಾನ ಬೇಸರವಾದ ದಿನ ಬೆಳಗಿನ ದೋಣಿ ಹತ್ತಿ ಎದುರಿಗೆ ಕಾಣುವ ದ್ವೀಪಕ್ಕೆ ಹೋಗುವುದು, ಸಂಜೆಯ ದೋಣಿಗೆ ವಾಪಸಾಗುವುದು. ಈ ಸಲ ನಿಮ್ಮನ್ನು ಅಂಥದೊಂದು ಡೇರೆಗೆ, ಅಲ್ಲಿಂದ ಕೆಲವು ದ್ವೀಪಗಳಿಗೆ ಕರೆದುಕೊಂಡು ಹೋಗುವ ಆಸೆ. ಖರ್ಚಿಲ್ಲ, ವೀಸಾ ಬೇಕಿಲ್ಲ. ಆದರೆ ಒಂದು ಮಾತು. ನೋಡಲು ಬಲು ಚೆಂದದ ಜಾಗಗಳಿವು. ಅವುಗಳ ಚರಿತ್ರೆ ಮಾತ್ರ ಯಾವಾಗಲೂ ಚೆಂದದ್ದಲ್ಲ.

ಡೇರೆ ಎಲ್ಲಿ ಹಾಕೋಣ?

ಫ್ರಾನ್ಸಿನ ನಕ್ಷೆ ನೋಡಿದ್ದೀರಲ್ಲ, ಪಶ್ಚಿಮಕ್ಕೆ ಮೂಗಿನ ಹಾಗೆ ಸಾಗರದೊಳಕ್ಕೆ ಚಾಚಿಕೊಂಡಿರುವ ಭಾಗವೊಂದಿದೆ. ಅದು ಬ್ರಿಟನಿ. ಬ್ರಿಟನ್ ಅಲ್ಲ, ಬ್ರಿಟನಿ. ಆದರೂ ಹೆಸರಿನ ಹೋಲಿಕೆ ಕಾಕತಾಳೀಯವಲ್ಲ. ಸುಮಾರು 5-6ನೇ ಶತಮಾನಗಳಲ್ಲಿ ಬ್ರಿಟನ್ ದ್ವೀಪದಿಂದ ಸಮುದ್ರ ದಾಟಿ ಬಂದು ನೆಲೆಸಿದ ಜನರಿಂದಲೇ ಆ ನಾಡಿಗೆ ಆ ಹೆಸರು. ಅವರ ಬ್ರೆಟನ್ ಭಾಷೆ ಫ್ರೆಂಚಿನ ಕವಲಲ್ಲ, ವೇಲ್ಸ್ ನಾಡಿನ ಭಾಷೆಯ ಬಂಧು.

ಬ್ರಿಟನಿಯ ದಕ್ಷಿಣ ಕರಾವಳಿಯಲ್ಲಿ ಕಿಬೆರೋನ್ ಎಂಬ ಸಣ್ಣ ಪರ್ಯಾಯ ದ್ವೀಪವಿದೆ. ಅತಿ ಕಿರಿದಾದ ಕಡೆ ಒಂದು ರಸ್ತೆ, ಒಂದು ರೈಲು ಹಳಿ ಹಾಯುವಷ್ಟೇ ನೆಲ. ಪಶ್ಚಿಮದ ದಂಡೆಗೆ ಅವರೇ ಇಟ್ಟ ಹೆಸರು ‘ಕಾಡು ಕರಾವಳಿ’, ಅಲ್ಲಿ ಅಲೆಗಳು ಬಂಡೆಗೆ ತಲೆ ಚಚ್ಚಿಕೊಳ್ಳುತ್ತವೆ. ಪೂರ್ವದ ದಂಡೆ ಶಾಂತ ಕೊಲ್ಲಿ, ಮಕ್ಕಳು ಮೊಣಕಾಲಿನವರೆಗೆ ನೀರಿಗಿಳಿದು ಆಡುವ ಜಾಗ. ಕ್ಯಾಂಪಿನ ಡೇರೆಗಳೆಲ್ಲ ಈ ಎರಡು ಸ್ವಭಾವಗಳ ನಡುವೆ. ಒಂದು ಕಾಲಕ್ಕೆ ಕಿಬೆರೋನ್ ಬದುಕಿದ್ದು ಸಾರ್ಡೀನ್ ಮೀನಿನ ಮೇಲೆ. ನಮ್ಮ ಕರಾವಳಿಯ ಬೂತಾಯಿಗೆ ದೂರದ ದಾಯಾದಿ ಎಂದಿಟ್ಟುಕೊಳ್ಳಿ. ಅದನ್ನು ಎಣ್ಣೆಯಲ್ಲಿಟ್ಟು ಡಬ್ಬಿಗೆ ತುಂಬುವ ಕಾರ್ಖಾನೆಗಳು ಇಲ್ಲಿ ಬೆಳೆದವು. 1882ರಲ್ಲಿ ರೈಲು ಬಂತು. ಡಬ್ಬಿ ಹೊರಕ್ಕೆ ಹೋಯಿತು, ಪ್ರವಾಸಿ ಒಳಕ್ಕೆ ಬಂದ. 1902-03ರ ಹೊತ್ತಿಗೆ ಬ್ರಿಟನಿಯ ಕಡಲಿನಿಂದ ಸಾರ್ಡೀನ್ ಮಾಯವಾಗಿ ಮೀನುಗಾರರ ಮನೆಗಳಲ್ಲಿ ಹಸಿವು ಕಾಲಿಟ್ಟಿತು. ಪ್ರವಾಸಿ ಮಾತ್ರ ಬರುತ್ತಲೇ ಇದ್ದ.

ಸರಿ, ಡೇರೆಯ ಗೂಟ ಬಿಗಿಯಾಗಿ ಹೊಡೆಯಿರಿ, ಗಾಳಿ ಜೋರಾಗಿದೆ. ನಾಳೆ ಬೆಳಿಗ್ಗೆ ಮೊದಲ ದೋಣಿ.

ಬಾತುಕೋಳಿ ಮತ್ತು ಅದರ ಮರಿ

ಮೊದಲ ದಿನ ಸಣ್ಣ ದ್ವೀಪಗಳು ಸಾಕು. ಕಿಬೆರೋನಿನಿಂದ ಆಗ್ನೇಯಕ್ಕೆ ವಾತ್ ಮತ್ತು ಒಯೆದಿಕ್ ಎಂಬ ಎರಡು ದ್ವೀಪಗಳಿವೆ. ಬ್ರೆಟನ್ ಭಾಷೆಯಲ್ಲಿ ಈ ಹೆಸರುಗಳನ್ನು ‘ಬಾತುಕೋಳಿ’, ‘ಬಾತುಮರಿ’ ಎಂದು ಅರ್ಥ ಮಾಡುತ್ತಾರೆ. ದೊಡ್ಡದಾದ ವಾತ್‌ನ ಉದ್ದವೇ ಐದು ಕಿಲೋಮೀಟರ್. ಒಯೆದಿಕ್ ಅದರ ಅರ್ಧ. ವರ್ಷವಿಡೀ ಇರುವ ಜನ ಅಲ್ಲಿ ಇನ್ನೂರು ಚಿಲ್ಲರೆ, ಇಲ್ಲಿ ನೂರರ ಆಸುಪಾಸು. ಬೆಳ್ಳನೆ ಮರಳು, ಸುಣ್ಣ ಬಳಿದ ಮನೆಗಳು, ನೀಲಿ ಕಿಟಕಿಗಳು. ಪ್ರವಾಸಿಗರ ಕಾರಿಗೆ ಪ್ರವೇಶವಿಲ್ಲ. ನಡೆಯುವುದೊಂದೇ ದಾರಿ.

ಈ ಎರಡು ದ್ವೀಪಗಳಲ್ಲಿ 19ನೇ ಶತಮಾನದ ಬಹುಭಾಗ ನಡೆದದ್ದು ಒಂದು ವಿಚಿತ್ರ ಆಡಳಿತ. 1822ರ ಒಂದು ನಿಯಮಾವಳಿಯ ಪ್ರಕಾರ ಚರ್ಚಿನ ಪಾದ್ರಿಯೇ ಇಲ್ಲಿ ಎಲ್ಲ. ಹಿರಿಯರ ಮಂಡಳಿಯೊಂದನ್ನು ಜೊತೆಗಿಟ್ಟುಕೊಂಡು ಆತನೇ ಮೇಯರ್, ಆತನೇ ನ್ಯಾಯ ಪಂಚಾಯ್ತಿ, ಆತನೇ ಅಂಚೆ, ಬಂದರು, ಅಂಗಡಿಗಳ ಮೇಲ್ವಿಚಾರಕ. ಯಾರು ಎಷ್ಟು ಕುಡಿಯಬೇಕು ಎಂಬುದಕ್ಕೂ ಕಡಿವಾಣ. 1891ರಲ್ಲಿ ಎರಡೂ ದ್ವೀಪಗಳು ಸ್ವತಂತ್ರ ಪುರಸಭೆಗಳಾದ ಮೇಲೆಯೇ ಈ ವ್ಯವಸ್ಥೆ ಮುಗಿದದ್ದು. ಇದು ರಾಮರಾಜ್ಯವೋ ಪಾದ್ರಿರಾಜ್ಯವೋ ನೀವೇ ತೀರ್ಮಾನಿಸಿ. ಫ್ರಾನ್ಸಿನ ಕ್ರಾಂತಿ ಎಂದು ಜಗತ್ತೇ ಕೊಂಡಾಡಿದ ನೂರು ವರ್ಷಗಳ ಮೇಲೂ ರಾಜಧಾನಿಗೆ ನೆನಪಾಗದ ಮೂಲೆಗಳು ಇದ್ದವು ಎಂಬುದಂತೂ ಸತ್ಯ.

ಇನ್ನೂ ಹಿಂದಕ್ಕೆ ಹೋಗೋಣವೇ? ಸೇಂಟ್-ಜಸ್ಟ್ ಪೆಕಾರ್ ಮತ್ತು ಮಾರ್ತ್ ಪೆಕಾರ್ ಎಂಬ ಗಂಡ-ಹೆಂಡತಿ 1928ರಿಂದ 1930ರವರೆಗೆ ಕಿಬೆರೋನಿನ ಪಶ್ಚಿಮಕ್ಕಿರುವ ತೇವಿಯೆಕ್ ಎಂಬ ಪುಟ್ಟ ನಡುಗಡ್ಡೆಯಲ್ಲಿ, ಆಮೇಲೆ ಒಯೆದಿಕ್‌ನಲ್ಲಿ ಉತ್ಖನನ ಮಾಡಿದರು. ಸಿಕ್ಕಿದ್ದು ಸುಮಾರು ಏಳು ಸಾವಿರ ವರ್ಷ ಹಳೆಯ ಸಮಾಧಿಗಳು. ಬೇಟೆಯಾಡಿ, ಚಿಪ್ಪುಮೀನು ಹೆಕ್ಕಿ ಬದುಕುತ್ತಿದ್ದ ಜನ ತಮ್ಮ ಸತ್ತವರನ್ನು ಕವಡೆ-ಚಿಪ್ಪುಗಳ ಹಾರ ತೊಡಿಸಿ, ಜಿಂಕೆಯ ಕೊಂಬುಗಳನ್ನು ಮೇಲೆ ಜೋಡಿಸಿ ಹೂಳಿದ್ದರು. ಇನ್ನೊಂದು ಸ್ವಾರಸ್ಯ ಕೇಳಿ. ಆಗ ಸಮುದ್ರದ ಮಟ್ಟ ಈಗಿಗಿಂತ ತಗ್ಗಿನಲ್ಲಿತ್ತು. ತೇವಿಯೆಕ್ ಆಗ ದ್ವೀಪವೇ ಆಗಿರಲಿಲ್ಲ, ಮುಖ್ಯ ಭೂಮಿಯ ಅಂಗವಾಗಿತ್ತು. ನೀವು ಕುಳಿತಿರುವ ದೋಣಿಯ ಕೆಳಗೆ ಒಂದು ಕಾಲಕ್ಕೆ ಜನ ನಡೆದಾಡುತ್ತಿದ್ದ ನೆಲವಿದೆ.

ಕಿಬೆರೋನ್ ಕೊಲ್ಲಿ, ಪುದುಚೇರಿ, ಹೈದರ್ ಅಲಿ

ಎರಡನೆಯ ದಿನ ದೋಣಿಯ ಕಟಕಟೆ ಹಿಡಿದು ಕೊಲ್ಲಿಯನ್ನು ಸ್ವಲ್ಪ ಗಮನವಿಟ್ಟು ನೋಡಿ. ಈ ನೀರಿಗೂ ನಮ್ಮ ಕಡೆಗೂ ಒಂದು ನಂಟಿದೆ.

1759ರ ನವೆಂಬರ್ 20. ಫ್ರಾನ್ಸ್ ಆ ವರ್ಷ ಬ್ರಿಟನ್ನಿನ ಮೇಲೆ ಸೈನ್ಯ ಇಳಿಸುವ ಹಂಚಿಕೆ ಹಾಕಿತ್ತು. ಅದಕ್ಕೆಂದು ಬ್ರೆಸ್ಟ್ ಬಂದರಿನಿಂದ ಅಡ್ಮಿರಲ್ ಕೋಂಫ್ಲಾನ್‌ನ ನಾಯಕತ್ವದಲ್ಲಿ 21 ಯುದ್ಧನೌಕೆಗಳು ಹೊರಟವು. ಬೆನ್ನಿಗೆ ಬಿದ್ದವನು ಇಂಗ್ಲಿಷ್ ಅಡ್ಮಿರಲ್ ಹಾಕ್. ಬಿರುಗಾಳಿ ಎದ್ದಿತ್ತು. ಈ ಕೊಲ್ಲಿಯ ತುಂಬ ನೀರಿನಡಿಯ ಬಂಡೆಗಳು. ಇಂಥ ಹವೆಯಲ್ಲಿ ಶತ್ರು ಒಳಗೆ ಬರಲಾರ ಎಂದು ಕೋಂಫ್ಲಾನ್ ನಂಬಿದ. ಹಾಕ್ ಬಂದೇಬಿಟ್ಟ. ‘ಥೆಜೆ’ ಎಂಬ ಫ್ರೆಂಚ್ ಹಡಗು ಕೆಳಸಾಲಿನ ತೋಪುಗಳ ಕಿಂಡಿ ತೆರೆದು ಕಾದಾಡುತ್ತಿದ್ದಾಗ ಅಲೆ ಒಳನುಗ್ಗಿ ಮುಳುಗಿತು. ಆರುನೂರಕ್ಕೂ ಹೆಚ್ಚು ಮಂದಿ ನೀರುಪಾಲಾದರು. ಬದುಕಿದವರು ಬೆರಳೆಣಿಕೆಯಷ್ಟು. ಮರುದಿನ ಕೋಂಫ್ಲಾನ್ ತನ್ನದೇ ಹಡಗನ್ನು ದಡಕ್ಕೆ ಏರಿಸಿಬಿಟ್ಟ, ಅದು ಅಲ್ಲೇ ಸುಟ್ಟುಹೋಯಿತು. ಫ್ರೆಂಚರು ಏಳು ಹಡಗುಗಳನ್ನು ಕಳೆದುಕೊಂಡರು. ಉಳಿದವು ಅಲ್ಲಲ್ಲಿ ನದಿಗಳ ಮುಖಜಭೂಮಿಯಲ್ಲಿ ಅಡಗಿ ಕುಳಿತವು.

ಇದರಿಂದ ನಮಗೇನು ಎನ್ನುತ್ತೀರಾ? ಅದೇ ಹೊತ್ತಿಗೆ ತಮಿಳುನಾಡಿನ ಕರಾವಳಿಯಲ್ಲಿ ಫ್ರೆಂಚ್ ಸೇನಾಪತಿ ಲಾಲಿ ಇಂಗ್ಲಿಷ್ ಕಂಪನಿಯೊಂದಿಗೆ ಹೋರಾಡುತ್ತಿದ್ದ. ಅವನಿಗೆ ಬೇಕಾದದ್ದು ಹಡಗು, ಹಣ, ಆಳು. ಬರಬೇಕಾದ ಕಡೆಯಿಂದ ಹಡಗೇ ಇಲ್ಲ ಎಂದಮೇಲೆ ಏನು ಬಂದೀತು? ಲಾಲಿ ನೆರವಿಗಾಗಿ ಮೈಸೂರಿನತ್ತ ನೋಡಿದ. 1760ರಲ್ಲಿ ಹೈದರ್ ಅಲಿ ತನ್ನ ಭಾವಮೈದುನ ಮಖ್ದೂಮ್ ಅಲಿಯ ಜೊತೆ ಸೈನ್ಯವನ್ನೂ ದವಸವನ್ನೂ ಕಳಿಸಿಕೊಟ್ಟ. ಅಷ್ಟರಲ್ಲಿ ಶ್ರೀರಂಗಪಟ್ಟಣದಲ್ಲಿ ಖಂಡೇರಾಯ ಹೈದರನ ವಿರುದ್ಧವೇ ತಿರುಗಿಬಿದ್ದ. ಹೈದರ್ ತನ್ನ ಪಡೆಯನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. 1761ರ ಜನವರಿಯಲ್ಲಿ ಹಸಿದು ಕಂಗಾಲಾದ ಪುದುಚೇರಿ ಶರಣಾಯಿತು.

ಕಿಬೆರೋನ್ ಸೋಲೊಂದೇ ಪುದುಚೇರಿ ಬೀಳಲು ಕಾರಣ ಎಂದು ಹೇಳಿದರೆ ಅತಿಶಯೋಕ್ತಿಯಾದೀತು. ಲಾಲಿಯ ದುಡುಕು, ಒಳಜಗಳ, ಖಾಲಿ ಖಜಾನೆ ಎಲ್ಲವೂ ಸೇರಿಕೊಂಡವು. ಆದರೆ ಸಮುದ್ರದ ಹಿಡಿತ ಯಾರದ್ದೋ ಭಾರತದ ಕರಾವಳಿಯ ಹಿಡಿತವೂ ಅವರದ್ದೇ ಎಂಬ ಲೆಕ್ಕ ಇಲ್ಲಿ ಬರೆದುಹೋಯಿತು. ಮುಂದೆ ಟಿಪ್ಪು ಸುಲ್ತಾನ್ ಕೂಡ ಫ್ರೆಂಚರ ನೆರವು ಕೋರಿ ಮೂವರು ರಾಯಭಾರಿಗಳನ್ನು ಕಳಿಸಿದ. 1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿ ಅವರನ್ನು ಬರಮಾಡಿಕೊಂಡ. ಉಪಚಾರ ಧಾರಾಳವಾಗಿ ಸಿಕ್ಕಿತು, ಸೈನ್ಯದ ಒಪ್ಪಂದ ಸಿಗಲಿಲ್ಲ. ಆ ಶರತ್ಕಾಲದಲ್ಲಿ ಅವರು ಊರಿಗೆ ಹೊರಟ ಹಡಗು ಹತ್ತಿದ್ದು ಇದೇ ಬ್ರಿಟನಿಯ ಬ್ರೆಸ್ಟ್ ಬಂದರಿನಲ್ಲಿ. ಅಟ್ಲಾಂಟಿಕ್‌ನ ಈ ತೆರೆಗಳನ್ನು ನೋಡುತ್ತ ಶ್ರೀರಂಗಪಟ್ಟಣದ ಮೂವರು ಏನು ಯೋಚಿಸಿದ್ದಾರು?

ಸುಂದರ ದ್ವೀಪ

ಮೂರನೆಯ ದಿನ ದೊಡ್ಡ ದ್ವೀಪಕ್ಕೆ. ಹೆಸರೇ ಬೆಲ್-ಈಲ್, ಅಂದರೆ ಸುಂದರ ದ್ವೀಪ. ಕಿಬೆರೋನಿನಿಂದ ಮುಕ್ಕಾಲು ಗಂಟೆಯ ಪಯಣ. ಸುಮಾರು 17 ಕಿಲೋಮೀಟರ್ ಉದ್ದ, 9 ಕಿಲೋಮೀಟರ್ ಅಗಲ, ಐದು ಸಾವಿರಕ್ಕೂ ಸ್ವಲ್ಪ ಹೆಚ್ಚು ಜನ. ದೋಣಿ ಲ ಪಲೇ ಎಂಬ ಬಂದರಿಗೆ ತಿರುಗುತ್ತಿದ್ದಂತೆ ನಿಮ್ಮ ತಲೆಯ ಮೇಲೆ ಕಾಣುವುದು ಒಂದು ಭಾರಿ ಕೋಟೆ. 14ನೇ ಲೂಯಿಯ ಹಣಕಾಸು ಮಂತ್ರಿ ಫುಕೆ 1658ರಲ್ಲಿ ಈ ದ್ವೀಪವನ್ನೇ ಕೊಂಡುಕೊಂಡಿದ್ದ. ಮೂರೇ ವರ್ಷಕ್ಕೆ ರಾಜನ ಕಣ್ಣು ಕೆಂಪಾಗಿ ಜೈಲು ಸೇರಿದ. ಆಮೇಲೆ ಕೋಟೆಯನ್ನು ಹೊಸದಾಗಿ ಭದ್ರಪಡಿಸಿದವನು ಆ ಕಾಲದ ಮಹಾನ್ ಕೋಟೆಗಾರ ವೋಬಾನ್.

ಅಷ್ಟು ಭದ್ರ ಮಾಡಿದ ಕೋಟೆಯನ್ನೂ ಇಂಗ್ಲಿಷರು 1761ರಲ್ಲಿ ಹಿಡಿದರು. ಏಪ್ರಿಲಿನಲ್ಲಿ ಬಂದಿಳಿದು ಮುತ್ತಿಗೆ ಹಾಕಿ ಜೂನ್ ವೇಳೆಗೆ ವಶಪಡಿಸಿಕೊಂಡರು. ವರ್ಷ ಗಮನಿಸಿ. ಅದೇ 1761ರಲ್ಲಿ ಪುದುಚೇರಿ ಬಿದ್ದದ್ದು, ಅದೇ 1761ರಲ್ಲಿ ಹೈದರ್ ಮೈಸೂರಿನ ಚುಕ್ಕಾಣಿ ಹಿಡಿದದ್ದು. ಎರಡು ವರ್ಷದ ಮೇಲೆ, 1763ರಲ್ಲಿ ಪ್ಯಾರಿಸ್ ಒಪ್ಪಂದ ಆಯಿತು. ಬೆಲ್-ಈಲ್ ಫ್ರಾನ್ಸಿಗೆ ವಾಪಸ್, ಬದಲಿಗೆ ಮಿನೋರ್ಕಾ ದ್ವೀಪ ಬ್ರಿಟನ್ನಿಗೆ. ಅದೇ ಕಾಗದದಲ್ಲಿ ಪುದುಚೇರಿಯೂ ಫ್ರಾನ್ಸಿಗೆ ವಾಪಸ್. ಸಂತೆಯಲ್ಲಿ ಬುಟ್ಟಿ ಬದಲಾಯಿಸಿಕೊಂಡಷ್ಟು ಸಲೀಸಾಗಿ ದ್ವೀಪಗಳೂ ಊರುಗಳೂ ಕೈ ಬದಲಾಯಿಸಿದವು. ಅಲ್ಲಿದ್ದ ಜನರನ್ನು ಯಾರೂ ಕೇಳಲಿಲ್ಲ.

ಊರು ಕಳೆದುಕೊಂಡವರ ಊರು

ಇಲ್ಲಿ ಒಂದು ಗಳಿಗೆ ನಿಲ್ಲೋಣ. ಊರು ಬಿಟ್ಟು ಬಂದ ನಮಗೆ ಹತ್ತಿರವಾಗುವ ಕಥೆಯೊಂದು ಈ ದ್ವೀಪದಲ್ಲಿದೆ.

ಈಗಿನ ಕೆನಡಾದ ನೋವಾ ಸ್ಕೋಶಿಯಾ ಭಾಗದಲ್ಲಿ ಅಕೇಡಿಯನ್ನರು ಎಂಬ ಫ್ರೆಂಚ್ ಮೂಲದ ರೈತರಿದ್ದರು. ಅವರ ನಾಡು ಬ್ರಿಟಿಷರ ಕೈಗೆ ಹೋಗಿತ್ತು. ಬ್ರಿಟಿಷ್ ದೊರೆಗೆ ಬೇಷರತ್ತಾಗಿ ನಿಷ್ಠೆಯ ಪ್ರಮಾಣ ಮಾಡಿರೆಂದರೆ ಒಪ್ಪಲಿಲ್ಲ. 1755ರಲ್ಲಿ ಅವರನ್ನು ಹಡಗುಗಳಲ್ಲಿ ತುಂಬಿ ಗಡೀಪಾರು ಮಾಡಲಾಯಿತು. ಹಳ್ಳಿಗಳನ್ನು ಸುಟ್ಟರು. ಒಂದೇ ಮನೆಯವರು ಬೇರೆ ಬೇರೆ ಹಡಗುಗಳ ಪಾಲಾದರು. ವರ್ಜೀನಿಯಾಕ್ಕೆ ಹೋದವರನ್ನು ಅಲ್ಲಿಯೂ ಸೇರಿಸದೆ ಇಂಗ್ಲೆಂಡಿಗೆ ಅಟ್ಟಿದರು. ಅಲ್ಲಿ ಬಂದರು ಪಟ್ಟಣಗಳಲ್ಲಿ ಏಳು ವರ್ಷ ಸೆರೆಯಾಳುಗಳಂತೆ ಇದ್ದರು. ಸಿಡುಬು ಎಷ್ಟೋ ಜನರನ್ನು ಒಯ್ದಿತು. 1763ರಲ್ಲಿ ಯುದ್ಧ ಮುಗಿದ ಮೇಲೆ ಉಳಿದವರನ್ನು ಫ್ರಾನ್ಸಿಗೆ ಕಳಿಸಿದರು. ಅವರ ಭಾಷೆಯ ನಾಡೇನೋ ಹೌದು, ಆದರೆ ಬಹುತೇಕರು ಅದನ್ನು ಕಣ್ಣಿನಿಂದ ನೋಡಿದ್ದೂ ಅದೇ ಮೊದಲು.

1765ರಲ್ಲಿ ಇಂಥ 78 ಕುಟುಂಬಗಳಿಗೆ ಬೆಲ್-ಈಲ್‌ನಲ್ಲಿ ಜಮೀನು ಕೊಟ್ಟರು. ಮನೆ ಕಟ್ಟಿಕೊಳ್ಳಲು, ಉಳಲು ನೆರವು ಸಿಕ್ಕಿತು. ಇಂಗ್ಲಿಷರು ಎರಡು ವರ್ಷ ಇದ್ದು ಹಾಳುಗೆಡವಿ ಹೋಗಿದ್ದ ದ್ವೀಪ ಅದು. ಇಂಗ್ಲಿಷರೇ ಒಕ್ಕಲೆಬ್ಬಿಸಿದ ಜನ ಅಲ್ಲಿ ಒಕ್ಕಲಾದರು. ದ್ವೀಪಕ್ಕೆ ಆಲೂಗೆಡ್ಡೆ ತಂದವರು ಇವರೇ ಎಂದು ಇಂದಿಗೂ ಹೇಳುತ್ತಾರೆ.

ಮನಸ್ಸು ತಟ್ಟುವ ವಿಷಯ ಮುಂದಿದೆ. ಅವರ ಹಳೆಯ ಊರಿನ ಚರ್ಚುಗಳ ಜನನ-ಮದುವೆ-ಮರಣದ ದಾಖಲೆಗಳು ಗಡೀಪಾರಿನ ಗದ್ದಲದಲ್ಲಿ ಬಹುಮಟ್ಟಿಗೆ ನಾಶವಾಗಿದ್ದವು. ಕಾಗದ ಪತ್ರದ ಪ್ರಕಾರ ಅವರು ಯಾರೂ ಅಲ್ಲ. ಹಾಗಾಗಿ 1767ರಲ್ಲಿ ಅಧಿಕಾರಿಗಳೂ ಪಾದ್ರಿಗಳೂ ಕುಳಿತು ಒಂದೊಂದು ಕುಟುಂಬದ ಯಜಮಾನನನ್ನು ಕರೆದು ಕೇಳಿದರು: ನಿನ್ನ ಅಪ್ಪ ಯಾರು, ಅಜ್ಜ ಯಾರು, ಯಾವ ಊರು, ಯಾರು ಎಲ್ಲಿ ತೀರಿಕೊಂಡರು, ಯಾವ ಹಡಗಿನಲ್ಲಿ ಬಂದೆ? ಅವರು ನೆನಪಿನಿಂದಲೇ ಹೇಳಿದರು, ನೆರೆಯವರು ಸಾಕ್ಷಿ ನುಡಿದರು, ಅದನ್ನು ಬರೆದುಕೊಂಡರು. ಆ ದಫ್ತರಗಳು ಉಳಿದುಕೊಂಡಿವೆ. ತಮ್ಮ ವಂಶದ ಬೇರು ಹುಡುಕುವ ಕೆನಡಾ, ಲೂಸಿಯಾನಾಗಳ ಅಕೇಡಿಯನ್ನರಿಗೆ ಅವು ಇಂದಿಗೂ ದೊಡ್ಡ ಆಧಾರ.

ನಮ್ಮ ಮನೆಯ ಹುಡುಗರನ್ನು ಕೂರಿಸಿಕೊಂಡು ‘ನಿನ್ನ ಮುತ್ತಜ್ಜನ ಹೆಸರೇನು, ಯಾವ ಊರು?’ ಎಂದು ಕೇಳಿದರೆ ಎಷ್ಟು ಮಂದಿ ಹೇಳಿಯಾರು? ಬರೆದಿಟ್ಟಿಲ್ಲದಿದ್ದರೆ ಈ ಭಾನುವಾರವೇ ಬರೆದಿಡಿ.

ಆ 78 ಕುಟುಂಬಗಳಲ್ಲಿ ಕೆಲವರಿಗೆ ದ್ವೀಪ ಒಗ್ಗಲಿಲ್ಲ, ಬಿಟ್ಟುಹೋದರು. 1785ರಲ್ಲಿ ಫ್ರಾನ್ಸಿನಲ್ಲಿದ್ದ ಅಕೇಡಿಯನ್ನರಲ್ಲಿ ಸುಮಾರು 1600 ಮಂದಿ ಮತ್ತೆ ಹಡಗು ಹತ್ತಿ ಅಮೆರಿಕದ ಲೂಸಿಯಾನಾಕ್ಕೆ ಹೊರಟರು. ಉಳಿದವರ ಮಕ್ಕಳು ಮೊಮ್ಮಕ್ಕಳು ಬೆಲ್-ಈಲ್‌ನವರೇ ಆಗಿಹೋದರು.

ಚಿತ್ರಕಾರ, ನಟಿ

ಊಟದ ಹೊತ್ತಾಯಿತು. ತಿಂಡಿಯ ಚೀಲ ಬಿಚ್ಚಲು ದ್ವೀಪದ ಪಶ್ಚಿಮಕ್ಕಿರುವ ಪೋರ್-ಕೋತೋನ್‌ಗೆ ಹೋಗೋಣ. ಹೆಸರಿನ ಅರ್ಥ ಹತ್ತಿಯ ಬಂದರು. ಇಲ್ಲಿ ಹತ್ತಿ ಇಳಿಯುವುದಿಲ್ಲ, ಬಂಡೆಗಳ ನಡುವೆ ಸಿಕ್ಕ ಅಲೆಯ ನೊರೆ ಹಿಂಜಿದ ಅರಳೆಯ ಹಾಗೆ ಮೇಲೇಳುತ್ತದೆ. ಸೂಜಿಗಳ ಹಾಗೆ ನೀರಿನಿಂದ ಎದ್ದ ಈ ಬಂಡೆಗಳನ್ನು ಜಗತ್ತಿಗೆ ತೋರಿಸಿದವನು ಚಿತ್ರಕಾರ ಕ್ಲೋಡ್ ಮೋನೆ. 1886ರ ಸೆಪ್ಟೆಂಬರಿನಲ್ಲಿ ಬಂದಾಗ ಎರಡು ವಾರ ಇದ್ದು ಹೋಗುವ ಯೋಚನೆ. ಹೋದದ್ದು ನವೆಂಬರ್ ಕೊನೆಗೆ, ಮೂವತ್ತಕ್ಕೂ ಹೆಚ್ಚು ಚಿತ್ರಗಳೊಂದಿಗೆ. ಗಾಳಿಗೆ ಹಾರಿಹೋಗದಂತೆ ಚಿತ್ರದ ಚೌಕಟ್ಟನ್ನು ಕಟ್ಟಿ ನಿಲ್ಲಿಸಿ ಬರೆಯುತ್ತಿದ್ದ. ಸಾಮಾನು ಹೊತ್ತು ತರುತ್ತಿದ್ದ ಪೋಲಿ ಎಂಬ ಸ್ಥಳೀಯ ಮೀನುಗಾರನ ಮುಖವನ್ನೂ ಬರೆದ.

ದ್ವೀಪದ ಉತ್ತರ ತುದಿಯ ಪುಲ್ಯಾನ್ ಮೂತಿಯಲ್ಲಿ, 1894ರಲ್ಲಿ, ಆ ಕಾಲದ ವಿಶ್ವವಿಖ್ಯಾತ ನಟಿ ಸಾರಾ ಬರ್ನ್‌ಹಾರ್ಟ್ ಹಳೆಯ ಸೈನಿಕ ಕೋಟೆಯೊಂದನ್ನು ಕೊಂಡು ಬೇಸಿಗೆಯ ಮನೆ ಮಾಡಿಕೊಂಡಳು. ಸುಮಾರು ಮೂವತ್ತು ಬೇಸಿಗೆ ಅಲ್ಲಿ ಕಳೆದಳು. ಈಗ ಅದು ವಸ್ತುಸಂಗ್ರಹಾಲಯ. ಇಬ್ಬರ ಹೆಸರೂ ಸೇರಿ ಬೆಲ್-ಈಲ್ ದೊಡ್ಡವರ ರಜೆಯ ತಾಣವಾಯಿತು.

ನೆಲದಲ್ಲಿ ನೆಟ್ಟ ಹಡಗು

ಈಗ ಪ್ರವಾಸಿಗಳು ಸಾಮಾನ್ಯವಾಗಿ ಹೋಗದ ಕಡೆಗೆ ಬನ್ನಿ. ಲ ಪಲೇ ಕೋಟೆಯ ಹಿಂಬದಿಯಲ್ಲೇ ಒಂದು ಜಾಗವಿದೆ, ಓಟ್-ಬುಲೋಞ್ ಎಂದು ಹೆಸರು. 1848ರ ಕ್ರಾಂತಿಯ ನಂತರ ಸರ್ಕಾರಕ್ಕೆ ಬೇಡವಾದ ರಾಜಕೀಯ ಕೈದಿಗಳನ್ನು ಇಲ್ಲಿ ತಂದು ಇಟ್ಟಿದ್ದರು. ಕ್ರಾಂತಿಕಾರಿ ಬ್ಲಾಂಕಿ 1853ರಲ್ಲಿ ಇಲ್ಲಿಂದ ತಪ್ಪಿಸಿಕೊಳ್ಳಲು ಹೊರಟು ಸಿಕ್ಕಿಬಿದ್ದ. ಸುತ್ತ ನೀರಿರುವಾಗ ಓಡಿ ಹೋಗುವುದಾದರೂ ಎಲ್ಲಿಗೆ?

1880ರಲ್ಲಿ ಅದೇ ಜಾಗದಲ್ಲಿ ಮಕ್ಕಳ ಸೆರೆಮನೆ ಶುರುವಾಯಿತು. ಸಣ್ಣಪುಟ್ಟ ಕಳ್ಳತನ ಮಾಡಿದವರು, ಬೀದಿಯಲ್ಲಿ ಅಲೆಯುತ್ತ ಸಿಕ್ಕವರು, ದಿಕ್ಕಿಲ್ಲದವರು. ಹೆಸರಿಗೆ ಬೇಸಾಯ ಮತ್ತು ನಾವಿಕ ವಿದ್ಯೆ ಕಲಿಸುವ ಶಾಲೆ. ಹೊಡೆತ, ಕತ್ತಲ ಕೋಣೆ, ಅರೆಹೊಟ್ಟೆ ಅಲ್ಲಿಯ ದಿನಚರಿ. ಅಂಗಳದಲ್ಲಿ ಕಂಬ, ಹಗ್ಗ, ಹಾಯಿ ಎಲ್ಲ ಇರುವ ಒಂದು ಹಡಗನ್ನು ನೆಲದಲ್ಲಿ ನೆಟ್ಟಿದ್ದರು. ಹುಡುಗರು ಅದರ ಮೇಲೆ ಹತ್ತಿ ಹಾಯಿ ಬಿಚ್ಚುವುದು, ಕಟ್ಟುವುದು ಕಲಿಯುತ್ತಿದ್ದರು. ಗೋಡೆಯಾಚೆ ನಿಜವಾದ ಸಮುದ್ರ, ನಿಜವಾದ ದೋಣಿಗಳು. ಇವರ ಹಡಗು ಮಾತ್ರ ಎಂದೂ ಹೊರಡುವುದಲ್ಲ.

1934ರ ಆಗಸ್ಟ್ 27ರ ರಾತ್ರಿ ಊಟದ ಹೊತ್ತಿನಲ್ಲಿ ಒಬ್ಬ ಹುಡುಗ ಸೂಪು ಕುಡಿಯುವ ಮೊದಲೇ ಚೀಸ್ ತುಂಡಿಗೆ ಬಾಯಿ ಹಾಕಿದ. ಅದು ನಿಯಮ ಮೀರಿದ್ದು. ಕಾವಲುಗಾರರು ಅವನನ್ನು ಥಳಿಸಿದರು. ಉಳಿದ ಹುಡುಗರ ತಾಳ್ಮೆಯ ಕಟ್ಟೆ ಒಡೆಯಿತು. ದಂಗೆ ಎದ್ದು ಐವತ್ತಕ್ಕೂ ಹೆಚ್ಚು ಮಕ್ಕಳು ಗೋಡೆ ಹಾರಿ ಕತ್ತಲಲ್ಲಿ ಓಡಿದರು.

ಆಗ ಬೇಸಿಗೆಯ ರಜೆಯ ಕಾಲ. ದ್ವೀಪದ ತುಂಬ ಪ್ರವಾಸಿಗಳು. ಹಿಡಿದುಕೊಟ್ಟ ಒಂದೊಂದು ಮಗುವಿಗೆ 20 ಫ್ರಾಂಕ್ ಬಹುಮಾನ ಎಂದು ಸಾರಿದರು. ಪೊಲೀಸರು, ಕಾವಲುಗಾರರು, ಕೆಲವು ಊರವರು ಹುಡುಕಲು ಹೊರಟರು. ಅವರ ಜೊತೆಗೆ ರಜೆಗೆ ಬಂದ ಪ್ರವಾಸಿಗಳೂ ಸೇರಿಕೊಂಡರು. ಹಗಲೆಲ್ಲ ಮರಳಿನ ಮೇಲೆ ಮೈ ಕಾಸಿಕೊಳ್ಳುತ್ತಿದ್ದವರು ಪೊದೆ ಪೊದೆ ಬಡಿದು, ಬಂಡೆಗಳ ಸಂದು ಹುಡುಕಿ, ಮೊಲ ಹಿಡಿದಂತೆ ಮಕ್ಕಳನ್ನು ಹಿಡಿದರು. ತಮ್ಮ ಮಕ್ಕಳಿಗೆ ಮರಳಿನ ಕೋಟೆ ಕಟ್ಟಿಕೊಟ್ಟ ಕೈಗಳೇ ಅವು ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸುದ್ದಿ ಕವಿ ಜಾಕ್ ಪ್ರೆವೇರ್‌ನನ್ನು ಕೆರಳಿಸಿತು. ‘ಮಗುವಿನ ಬೇಟೆ’ ಎಂಬ ಹೆಸರಿನ ಕವಿತೆ ಬರೆದ. ಜೋಸೆಫ್ ಕೋಸ್ಮಾ ಅದಕ್ಕೆ ರಾಗ ಹಾಕಿದ, ಗಾಯಕಿ ಮರಿಯಾನ್ ಓಸ್ವಾಲ್ಡ್ 1936ರಲ್ಲಿ ಅದನ್ನು ಹಾಡಿದಳು. ನಾವು ರೇಡಿಯೋ ಮಂದಿ, ಹಾಡಿಗೆ ಏನು ಶಕ್ತಿ ಇದೆ ಎಂದು ಬಲ್ಲವರು. ಆದರೂ ಒಂದು ಹಾಡಿನಿಂದ ಸೆರೆಮನೆಯ ಬಾಗಿಲು ತೆರೆಯುವುದಿಲ್ಲ. ಪತ್ರಕರ್ತರು ಬರೆದರು, ಜನ ಪ್ರಶ್ನೆ ಕೇಳಿದರು. 1945ರ ಫೆಬ್ರವರಿಯಲ್ಲಿ ತಪ್ಪು ಮಾಡಿದ ಮಕ್ಕಳಿಗೆ ಶಿಕ್ಷೆಗಿಂತ ಶಿಕ್ಷಣ ಮೊದಲು ಎನ್ನುವ ಹೊಸ ಕಾನೂನು ಫ್ರಾನ್ಸಿನಲ್ಲಿ ಬಂತು. ಬೆಲ್-ಈಲ್‌ನ ಸಂಸ್ಥೆ ಕೊನೆಗೂ ಮುಚ್ಚಿದ್ದು 1977ರಲ್ಲಿ. ಕಾದಂಬರಿಕಾರ ಸೋರ್ಜ್ ಶಾಲಂದೋನ್ 2023ರಲ್ಲಿ ಈ ಘಟನೆಯ ಮೇಲೆ ಕಾದಂಬರಿ ಬರೆದ ಮೇಲೆ ಮತ್ತೊಂದು ತಲೆಮಾರಿಗೆ ಇದು ಗೊತ್ತಾಯಿತು.

ಎರಡು ವಾರದ ಸಂಬಳ

ಆ ಬೇಟೆ ನಡೆದ ಎರಡೇ ವರ್ಷಕ್ಕೆ ಇದೇ ಕರಾವಳಿಯಲ್ಲಿ ಇನ್ನೊಂದು ದೃಶ್ಯ ಕಂಡಿತು. ಅಲ್ಲಿಯವರೆಗೆ ಸಮುದ್ರದ ರಜೆ ಹಣವಂತರ ಸ್ವತ್ತು. ಕಾರ್ಖಾನೆಯ ಕೂಲಿಗೆ ಕೆಲಸವಿಲ್ಲದ ದಿನ ಕೂಲಿಯೂ ಇಲ್ಲ, ರಜೆ ಎಲ್ಲಿಂದ ಬಂತು? 1936ರ ಮೇ-ಜೂನ್‌ನಲ್ಲಿ ಫ್ರಾನ್ಸಿನಾದ್ಯಂತ ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತು ಮುಷ್ಕರ ಹೂಡಿದರು. ಲಿಯೋನ್ ಬ್ಲುಮ್ ನೇತೃತ್ವದ ಹೊಸ ಸರ್ಕಾರ ಜೂನ್ 20ರಂದು ಕಾನೂನು ತಂದಿತು: ದುಡಿಯುವ ಎಲ್ಲರಿಗೂ ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ. ಕ್ರೀಡೆ ಮತ್ತು ಬಿಡುವಿನ ಖಾತೆ ಹೊತ್ತಿದ್ದ ಲೆಯೋ ಲಗ್ರಾಂಜ್ ರೈಲು ಟಿಕೆಟ್ಟಿಗೆ 40 ಶೇಕಡಾ ರಿಯಾಯಿತಿ ಕೊಡಿಸಿದ. ಆ ಮೊದಲ ವರ್ಷವೇ ಸುಮಾರು ಆರು ಲಕ್ಷ ಮಂದಿ ಆ ಟಿಕೆಟ್ಟು ಕೊಂಡರು.

ಆಗಸ್ಟಿನಲ್ಲಿ ಹೊರಟ ರೈಲುಗಳಲ್ಲಿ ಹುಟ್ಟಿದಾರಭ್ಯ ಸಮುದ್ರ ನೋಡದಿದ್ದ ಗಣಿ ಕೆಲಸಗಾರರು, ನೇಕಾರರು, ಅಂಗಡಿ ಹುಡುಗಿಯರು ತುಂಬಿದ್ದರು. ಹೋಟೆಲಿಗೆ ಕೊಡಲು ಕಾಸಿಲ್ಲ, ಹಾಗಾಗಿ ಡೇರೆ. ಎಷ್ಟೋ ಗಂಡ-ಹೆಂಡಿರು ಇಬ್ಬರು ತುಳಿಯುವ ಒಂದೇ ಸೈಕಲ್ಲಿನಲ್ಲಿ ಬಂದರು. ಬಡವರು ಬಂದು ತಮ್ಮ ಬೀಚು ಕೆಡಿಸಿದರು ಎಂದು ಸಿರಿವಂತರು ಮೂಗು ಮುರಿದರು. ಆದರೆ ಬಂದವರು ಮತ್ತೆ ಹಿಂದೆ ಹೋಗಲಿಲ್ಲ. 1956ರಲ್ಲಿ ಮೂರನೇ ವಾರ, 1969ರಲ್ಲಿ ನಾಲ್ಕನೆಯದು, 1982ರಲ್ಲಿ ಐದನೆಯದು ಸೇರಿತು. ಇಂದು ಈ ಕರಾವಳಿಯಲ್ಲಿ ಕಾಣುವ ಡೇರೆಗಳ ಸಾಲಿಗೆ ಗೂಟ ಹೊಡೆದದ್ದು ಆ ಮುಷ್ಕರ ಎಂದರೆ ತಪ್ಪಿಲ್ಲ.

ಇದು ಅವರೊಬ್ಬರದೇ ಕಥೆಯಲ್ಲ. ಸಂಬಳಸಹಿತ ರಜೆಯ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಪ್ಪಂದ ಮಾಡಿದ್ದೂ ಅದೇ 1936ರ ಜೂನ್‌ನಲ್ಲಿ. ನಮ್ಮ 1948ರ ಕಾರ್ಖಾನೆಗಳ ಕಾಯ್ದೆ ವರ್ಷಕ್ಕೆ 240 ದಿನ ದುಡಿದವನಿಗೆ ಇಪ್ಪತ್ತು ದಿನದ ದುಡಿಮೆಗೆ ಒಂದು ದಿನ ರಜೆ ಎಂದು ಬರೆಯಿತು. ಮುಂದಿನ ಸಲ ರಜೆಯ ಅರ್ಜಿ ಬರೆಯುವಾಗ ಇದು ಸಾಹೇಬರ ಕೃಪೆ ಎಂದುಕೊಳ್ಳಬೇಡಿ. ಯಾರೋ ಕುಳಿತು ಹೋರಾಡಿ ನಿಮಗಾಗಿ ಗಳಿಸಿಟ್ಟದ್ದು ಅದು.

ಮೀನಿನ ಗಾಳಿಕೋಳಿ

ಕೊನೆಯ ದಿನ ಗ್ರುವಾ ದ್ವೀಪ. ಇದಕ್ಕೆ ದೋಣಿ ಹಿಡಿಯಬೇಕಾದ್ದು ಲೋರಿಯಾನ್ ಪಟ್ಟಣದಲ್ಲಿ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಗಾಗಿ 1666ರಲ್ಲಿ ಹುಟ್ಟಿದ ಬಂದರು ಅದು. ಹೆಸರಿನಲ್ಲೇ ಪೂರ್ವ ದಿಕ್ಕು ಇದೆ, ಅಂದರೆ ನಾವಿದ್ದೇವೆ. ನಮ್ಮ ಕಡೆಯ ಹತ್ತಿ ಬಟ್ಟೆ, ಮೆಣಸು ಇಳಿದದ್ದು ಇಲ್ಲೇ.

ಗ್ರುವಾದ ಚರ್ಚಿನ ಗೋಪುರ ನೋಡಿ. ಗಾಳಿಯ ದಿಕ್ಕು ತೋರಿಸಲು ಎಲ್ಲ ಕಡೆ ಹುಂಜವಿದ್ದರೆ ಇಲ್ಲಿ ಟ್ಯೂನಾ ಮೀನಿದೆ. 19ನೇ ಶತಮಾನದ ಕೊನೆಯಿಂದ ಎರಡನೇ ಮಹಾಯುದ್ಧದವರೆಗೆ ಈ ಪುಟ್ಟ ದ್ವೀಪ ಫ್ರಾನ್ಸಿನ ಟ್ಯೂನಾ ಬೇಟೆಯ ರಾಜಧಾನಿ. 1930ರ ಸೆಪ್ಟೆಂಬರಿನ ಒಂದು ಬಿರುಗಾಳಿಯಲ್ಲಿ ಬ್ರಿಟನಿಯ ಇನ್ನೂರಕ್ಕೂ ಹೆಚ್ಚು ಟ್ಯೂನಾ ಮೀನುಗಾರರು ಮರಳಲಿಲ್ಲ. ಈ ದ್ವೀಪಗಳನ್ನು ಕಂಡರೆ ಕೇಡು ಎಂಬರ್ಥದ ಗಾದೆಗಳು ನಾವಿಕರಲ್ಲಿವೆ. ಕೇಡು ದ್ವೀಪದ್ದಲ್ಲ, ಸುತ್ತಲಿನ ಬಂಡೆಗಳದ್ದು. ಇಂದು ಮೀನುಗಾರಿಕೆ ಹೆಸರಿಗಷ್ಟೇ ಉಳಿದು ಪ್ರವಾಸೋದ್ಯಮವೇ ದ್ವೀಪಗಳ ಅನ್ನವಾಗಿದೆ. ಅನ್ನದಲ್ಲಿ ಕಲ್ಲೂ ಇದೆ. ಬೆಲ್-ಈಲ್‌ನ ಮನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನವರ ರಜೆಯ ಮನೆಗಳು. ದ್ವೀಪದಲ್ಲೇ ಹುಟ್ಟಿದ ಹುಡುಗರಿಗೆ ಅಲ್ಲಿ ಮನೆ ಕೊಳ್ಳುವುದು ಕೈಗೆಟುಕದ ಮಾತು. ಬ್ರಿಟನಿಯ ಉತ್ತರಕ್ಕಿರುವ ಬ್ರೆಆ ಎಂಬ ದ್ವೀಪವಂತೂ 2023ರ ಬೇಸಿಗೆಯಲ್ಲಿ ದಿನಕ್ಕೆ 4,700 ಪ್ರವಾಸಿಗಳು ಮಾತ್ರ ಎಂದು ಮಿತಿ ಹಾಕಬೇಕಾಯಿತು.

ಸಂಜೆಯ ದೋಣಿ

ದೋಣಿಯ ಸಿಳ್ಳೆ ಕೇಳಿಸುತ್ತಿದೆ, ಹೊರಡೋಣ. ಚೀಲದಲ್ಲಿ ಎರಡು ಕಪ್ಪೆಚಿಪ್ಪು, ಚಪ್ಪಲಿಯಲ್ಲಿ ಮರಳು, ಮೂಗಿನ ತುದಿಗೆ ಬಿಸಿಲಿನ ಕೆಂಪು. ನಮ್ಮ ಕೈಯಲ್ಲಿ ವಾಪಸ್ ಟಿಕೆಟ್ಟಿದೆ.

ಈ ಐದಾರು ದಿನ ನಾವು ಕಂಡವರಲ್ಲಿ ಎಷ್ಟು ಜನರಿಗೆ ಅದಿತ್ತು, ಎಣಿಸಿ ನೋಡಿ. ಕೊಲ್ಲಿಯಲ್ಲಿ ಮುಳುಗಿದ ನಾವಿಕರಿಗೆ ಇರಲಿಲ್ಲ. ಊರೇ ಸುಟ್ಟುಹೋದ ಅಕೇಡಿಯನ್ನರಿಗೆ ಇರಲಿಲ್ಲ. ನೆಲದಲ್ಲಿ ನೆಟ್ಟ ಹಡಗಿನ ಮೇಲೆ ನಿಂತು ಸಮುದ್ರ ನೋಡುತ್ತಿದ್ದ ಆ ಹುಡುಗರಿಗಂತೂ ಇರಲೇ ಇಲ್ಲ. ಚೆಂದದ ಜಾಗಕ್ಕೆ ಹೋಗುವುದು ತಪ್ಪಲ್ಲ, ಖಂಡಿತ ಹೋಗಬೇಕು. ಅಲ್ಲಿ ಮೊದಲಿದ್ದವರು ಯಾರು, ಈಗ ಇರುವವರು ಹೇಗಿದ್ದಾರೆ ಎಂದು ಒಂದು ಮಾತು ಕೇಳಿ ಬಂದರೆ ಸಾಕು. ಯಾರಾದರೂ ಓಡುತ್ತಿರುವುದು ಕಂಡರೆ, ಬೆನ್ನಟ್ಟುವ ಮೊದಲು, ಏಕೆ ಓಡುತ್ತಿದ್ದಾರೆ ಎಂದು ಯೋಚಿಸುವಷ್ಟು ಮನುಷ್ಯತ್ವ ನಮ್ಮ ರಜೆಯ ಸಾಮಾನಿನಲ್ಲಿ ಇರಲಿ.

ಊರಿನ ರೈಲಿಗೆ ಟಿಕೆಟ್ಟು ಸಿಕ್ಕಿತೇ? ಸಿಕ್ಕರೆ ಹಿರಿಯರ ಹತ್ತಿರ ಕೂತು ಆ ಮುತ್ತಜ್ಜನ ಹೆಸರು ಕೇಳಿ ಬರೆದುಕೊಳ್ಳುವುದನ್ನು ಮರೆಯಬೇಡಿ.